ಸಂಕಟ ಉಂಟಾ ಅಂತ ಕೇಳ್ತಿದ್ದಾರೆ

ಗೋಳಿಬಜೆಯನ್ನು ನಾಲ್ಕು ತುಂಡು ಮಾಡಿ ತಿನ್ನುತ್ತಿದ್ದ ಹೆಂಡತಿಯನ್ನು ಒಂದು ತಿಂಗಳು ನೋಡಿದ್ದೆ. ಯಾಕೆಂದು ಕೇಳಿರಲಿಲ್ಲ.

ಕೊನೆಗೆ ಜಯಂತಿಯೇ ಹೇಳಿದಳು. "ದವಡೆ ಹಿಡಿದ ಹಾಗೆ ಆಗ್ತದೆ. ಕಿವಿಯ ಹಿಂದಿನಿಂದ ಕುತ್ತಿಗೆವರೆಗೆ ಎಳೀತದೆ."

ಇದು ಏಳೆಂಟು ವರ್ಷದ ಹಿಂದಿನ ಮಾತು. ನನಗೆ ಮಲಯಾಳವೇ ನಡೆಯುವ ಕಾಞಂಗಾಡಿಗೆ ವರ್ಗವಾಗಿ, ಹೊಸಂಗಡಿಯ ಮನೆ ಬಿಟ್ಟು ಬಂದಿದ್ದೆವು.

ಅದಕ್ಕೂ ಮೊದಲು ಮಂಜೇಶ್ವರದ ಕಚೇರಿಯಲ್ಲಿ ಮಲಯಾಳದ ಸುತ್ತೋಲೆಗಳನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದವನು ನಾನು. ಮಲಯಾಳ ಚೆನ್ನಾಗಿ ಬಲ್ಲವನೆಂಬ ಹೆಸರಿತ್ತು.

ಜಯಂತಿ ಪುತ್ತೂರಿನವಳು. ಹೊಸಂಗಡಿಯಲ್ಲಿ ಕಂಪೌಂಡಿನ ಗೋಡೆಗೆ ಒರಗಿ ಪಕ್ಕದ ಮನೆಯವರೊಡನೆ ತುಳುವಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಕಾಞಂಗಾಡಿನಲ್ಲಿ ಪಕ್ಕದ ಮನೆಯವರು ನಗುತ್ತಿದ್ದರು, ಇವಳೂ ನಗುತ್ತಿದ್ದಳು. ಅಷ್ಟೇ.

ಹಗಲೆಲ್ಲ ಹೊಲಿಗೆ ಮೆಷಿನಿನ ಮುಂದೆ ತಲೆ ಬಗ್ಗಿಸಿ ಕೂತಿರುತ್ತಿದ್ದಳು. ನಾನು ಸಂಜೆ ಬಂದು ಪೇಪರ್ ಓದುತ್ತಿದ್ದೆ.

ಹಲ್ಲಿನ ಡಾಕ್ಟರು ನೋಡಿ, ಹಲ್ಲಿನ ತೊಂದರೆ ಅಲ್ಲ ಎಂದು ಫಿಸಿಯೋಥೆರಪಿಗೆ ಕಳಿಸಿದರು.

ಅಲ್ಲಿದ್ದದ್ದು ಸಣ್ಣ ಪ್ರಾಯದ ಒಬ್ಬ ಹುಡುಗಿ. ಮಲಯಾಳ ಬಿಟ್ಟು ಬೇರೆ ಬಾರದು. ಬಾಯಿ ತೆರೆದು, ಹಲ್ಲುಗಳ ನಡುವೆ ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಲು ಹೇಳಿದಳು. ಮೂರು ಬೆರಳು ಹಿಡಿಯಬೇಕಂತೆ. ಜಯಂತಿಗೆ ಒಂದೂವರೆ.

ಗ್ಲೌಸ್ ಹಾಕಿ, ಹೆಬ್ಬೆರಳನ್ನು ಕೆಳಗಿನ ಹಿಂದಿನ ಹಲ್ಲುಗಳ ಮೇಲಿಟ್ಟು ಮೆಲ್ಲಗೆ ಒತ್ತಿದಳು. ತಲೆಬುರುಡೆ ಕುತ್ತಿಗೆಗೆ ಸೇರುವಲ್ಲಿ ಎರಡು ಬೆರಳು ಊರಿ ಬಹಳ ಹೊತ್ತು ಹಿಡಿದಳು. ಜಯಂತಿ ಕಣ್ಣು ಮುಚ್ಚಿದಳು... ಅಷ್ಟು ಹೊತ್ತು ಅವಳನ್ನು ಯಾರಾದರೂ ಹಾಗೆ ಮುಟ್ಟಿ ಎಷ್ಟು ಕಾಲವಾಗಿತ್ತೋ.

ಮನೆಯಲ್ಲಿ ಮಾಡಲು ವ್ಯಾಯಾಮಗಳಿದ್ದವು. ನಾಲಗೆಯ ತುದಿಯನ್ನು ಅಂಗುಳಿಗೆ ತಾಗಿಸಿಟ್ಟು, ಅದು ಬಿಡದಷ್ಟೇ ಬಾಯಿ ತೆರೆಯಬೇಕು. ಗದ್ದವನ್ನು ಹಿಂದಕ್ಕೆ ಎಳೆದು ಹಿಡಿಯಬೇಕು. ಮತ್ತೆ, ದಿನವಿಡೀ ನೆನಪಿಡಬೇಕಾದ ಒಂದು ಮಾತು: ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ.

ಎಲ್ಲವನ್ನೂ ನಾನು ಕನ್ನಡದಲ್ಲಿ ಬರೆದುಕೊಟ್ಟೆ. 'ದಿನಕ್ಕೆ ಮೂರು ಬಾರಿ ತಪ್ಪದೆ ನಿರ್ವಹಿಸತಕ್ಕದ್ದು.'

ಜಯಂತಿ ಓದಿ, "ಇದೆಂತ, ಪಂಚಾಯತ್ ನೋಟೀಸಾ?" ಅಂದಳು.

ಮೂರನೆಯ ಸಲ ಹೋಗುವಾಗ ಎರಡು ಬೆರಳು ಹಿಡಿಯುತ್ತಿತ್ತು. ಆಮೇಲೆ ಅಲ್ಲಿಯೇ ನಿಂತಿತು.

ನಾಲ್ಕನೆಯ ಸಲ ಆ ಹುಡುಗಿ ನೋವಿನ ಮಾತ್ರೆಯ ಬಗ್ಗೆ ವಿಚಾರಿಸಿದಳು. ಇನ್ನೂ ತಿನ್ನುತ್ತಿದ್ದಾಳೆ ಎಂದೆ. ಅವಳು ನನ್ನನ್ನು ಬಿಟ್ಟು ಜಯಂತಿಯ ಮುಖ ನೋಡಿ ಕೇಳಿದಳು: "ಚೇಚ್ಚಿಕ್ಕ್ ಸಂಕಡಂ ಉಂಡೋ?"

ಅಕ್ಕನಿಗೆ ಸಂಕಡ ಉಂಟೋ ಎಂದು.

ಜಯಂತಿ ನನ್ನತ್ತ ತಿರುಗಿದಳು.

"ಹೊಟ್ಟೆ ಸಂಕಟ ಉಂಟಾ ಅಂತ ಕೇಳ್ತಿದ್ದಾರೆ, ಮಾತ್ರೆ ತಿಂದು," ಅಂದೆ.

"ಇಲ್ಲಪ್ಪ. ಬೆಳಿಗ್ಗೆ ಗಂಜಿ ಉಂಡಿದ್ದೇನಲ್ಲ."

"ಇಲ್ಲ," ಎಂದು ನಾನು ಹುಡುಗಿಗೆ ಹೇಳಿದೆ. ಇಲ್ಲ ಎನ್ನುವುದಕ್ಕೆ ಎರಡೂ ಭಾಷೆಯಲ್ಲಿ ಒಂದೇ ಪದ.

ಅವಳು ಇನ್ನೂ ಜಯಂತಿಯನ್ನೇ ನೋಡುತ್ತಿದ್ದಳು. ನಾನಾಗಿಯೇ ನೋವಿಗೆ ಒಂದು ಕಾರಣ ಸೇರಿಸಿ ಹೇಳಿದೆ: ಇವಳು ಹೊಲಿಯುವಾಗ ನೂಲನ್ನು ಹಲ್ಲಿನಲ್ಲಿ ಕಡಿಯುತ್ತಾಳೆ. ಕತ್ತರಿ ಬಳಸಲು ಹೇಳಿ ಎಂದಳು ಹುಡುಗಿ. ಇನ್ನೆರಡು ಸಲ ಹೋಗಿ, ನಿಲ್ಲಿಸಿದೆವು.

ಕಳೆದ ವಾರ ಜಯಂತಿ ಮಲಯಾಳ ಧಾರಾವಾಹಿ ನೋಡುತ್ತಿದ್ದಳು. ಪಕ್ಕದ ಮನೆಯವರ ಟಿವಿಯ ಮುಂದೆ ಕೂತೂ ಕೂತೂ ಅವಳಿಗೆ ಈಗ ಆ ಭಾಷೆ ಬರುತ್ತದೆ. ಪರದೆಯಲ್ಲಿ ಯಾರೋ ಅಳುತ್ತಾ ಆ ಪದ ಹೇಳಿದರು.

ಅವಳು ತಿರುಗದೆಯೇ ಅಂದಳು, "ಸಂಕಡಂ ಅಂದ್ರೆ ಬೇಜಾರು ಮಾರಾಯ್ರೆ. ಅವತ್ತು ಆ ಹುಡುಗಿ ಕೇಳಿದ್ದು ಹೊಟ್ಟೆಯದ್ದಲ್ಲ."

"ನಿನಗೆ ಯಾವಾಗ ಗೊತ್ತಾಯ್ತು?"

"ಐದಾರು ವರ್ಷ ಆಯ್ತು."

ಐದಾರು ವರ್ಷ. ಅದನ್ನೂ ಹಲ್ಲು ಕಚ್ಚಿ ಇಟ್ಟುಕೊಂಡಿದ್ದಳು.

ನನ್ನದು ಕಾಗದಪತ್ರದ ಮಲಯಾಳ, ಸುತ್ತೋಲೆಗಳಲ್ಲಿ ಆ ಪದ ಬರುವುದಿಲ್ಲ ಎಂದು ವಾದಿಸಬಹುದು. ಆದರೆ ಕನ್ನಡದಲ್ಲಿಯೂ ಸಂಕಟ ಹೊಟ್ಟೆಯದ್ದು ಮಾತ್ರ ಅಲ್ಲವಲ್ಲ. ಎರಡು ಅರ್ಥಗಳಲ್ಲಿ ನಾನು ಆರಿಸಿಕೊಂಡದ್ದು, ಉತ್ತರ ಏನೇ ಬಂದರೂ ನಾನೇನೂ ಮಾಡಬೇಕಾಗಿಲ್ಲದ ಅರ್ಥವನ್ನು.

"ನಾನು ಸರಿಯಾಗಿ ಹೇಳಿದ್ದರೆ ನೀನು ಎಂತ ಹೇಳ್ತಿದ್ದೆ?" ಎಂದು ಕೇಳಿದೆ.

"ಆಗ ಬಾಯಿ ಎಲ್ಲಿ ತೆರೀತಿತ್ತು?" ಎಂದು ನಕ್ಕಳು. ಧಾರಾವಾಹಿಯ ಸ್ವರ ಸ್ವಲ್ಪ ಹೆಚ್ಚು ಮಾಡಿದಳು.

ಈಗಲೂ ಎರಡೇ ಬೆರಳು. ಇವತ್ತು ಸಂಜೆಯ ಗೋಳಿಬಜೆಯನ್ನು ನಾನೇ ನಾಲ್ಕು ತುಂಡು ಮಾಡಿ ಅವಳ ಮುಂದಿಟ್ಟೆ. ಪೇಪರ್ ತೆಗೆಯದೆ ಎದುರು ಕೂತೆ... ಅವಳು ತಿಂದಳು. ಅವಳಾಗಿ ಹೇಳಲಿ ಎಂದು ನಾನು ಕಾಯುತ್ತಿದ್ದೇನೆ.

ನಿಮ್ಮ ಮನೆಯಲ್ಲಿಯೂ, ಇನ್ನೊಬ್ಬರಿಗೆ ಬಂದ ಪ್ರಶ್ನೆಗೆ ನೀವೇ ಅರ್ಥ ಹೇಳಿ ಮುಗಿಸಿಬಿಟ್ಟದ್ದು ಉಂಟಾ?