ಸೋಖಾ ತುಂಬಿದ ಉಡಿ

“ಉಡಿ ಒಡ್ಡ್ರಿ, ಅಕ್ಕಾ,” ಎಂದಳು ಸೋಖಾ. ಕಾಂಬೋಡಿಯಾದ ಬಟ್ಟಂಬಾಂಗ್ ಊರಿನ ನೂಡಲ್ಸ್ ಅಂಗಡಿಯವಳ ಬಾಯಲ್ಲಿ ನನ್ನ ಗಂಗಾವತಿಯ ಕನ್ನಡ! ಅವಳ ಕೈಯಲ್ಲಿ ಅಕ್ಕಿಯ ತಟ್ಟೆಯಿತ್ತು, ಹೊರಗೆ ನನ್ನನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವ ಕಾರು ಕಾಯುತ್ತಿತ್ತು.

ಆ ಮಾತು ಕಲಿಸಿದವಳು ನಾನೇ. ಮಗಳು, ಅಳಿಯ ಇರುವುದು ಅವಳ ಅಂಗಡಿಯ ಮೇಲಿನ ಮನೆಯಲ್ಲಿ. ಹೋದಾಗಲೆಲ್ಲ ನನ್ನ ಬೆಳಗು ಅವಳ ಜೊತೆ ಸೊಪ್ಪು ಸೋಸುವುದರಲ್ಲೇ ಕಳೆಯುತ್ತದೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಹರಟೆಗೇನೂ ಕೊರತೆಯಿಲ್ಲ. ಊರಿಗೆ ಹೊರಡುವ ದಿನ ಅವಳ ಏಪ್ರನ್ನನ್ನೇ ಸೆರಗಾಗಿ ಹಿಡಿಸಿ, ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿ ಉಡಿ ತುಂಬುತ್ತಿದ್ದೆ. ಈ ಸಲ ಅವಳ ಸರದಿಯಂತೆ.

ಆದರೆ ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡಿದ್ದರು. ಗಂಡನಿಲ್ಲದವಳಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ. “ನನಗ ಬ್ಯಾಡಂತ ಹೇಳವಾ,” ಎಂದು ಮಗಳಿಗೆ ಹೇಳಿ ಹಿಂದೆ ಸರಿದೆ. ಮಗಳು ಅವಳ ಭಾಷೆಯಲ್ಲಿ ಕಾರಣ ತಿಳಿಸಿದಳು. ಸೋಖಾ ನನ್ನನ್ನೇ ನೋಡುತ್ತ ಏನೋ ಅಂದಳು.

ಮಗಳು ನನ್ನ ಕಡೆ ತಿರುಗಿದಳು. “‘ಹಂಗಾದ್ರ ಇನ್ನಷ್ಟು ಜಾಸ್ತಿ ತುಂಬಬೇಕಲ್ಲ’ ಅನ್ನಾಕತ್ತಾಳಬೇ, ಅವ್ವಾ.”

ಅಷ್ಟರಲ್ಲಿ ಅಕ್ಕಿ ನನ್ನ ಸೆರಗಿಗೆ ಬಿದ್ದಿತ್ತು. ಕೊಬ್ಬರಿಯ ಬದಲು ಒಂದು ಇಡೀ ಎಳನೀರು ಬೇರೆ. ಆ ಭಾರ ಹೊತ್ತು ಕಾರು ಹತ್ತುವ ನನ್ನ ಅವತಾರಕ್ಕೆ ಡ್ರೈವರ್ ಕೂಡ ನಕ್ಕ.

ಗಂಗಾವತಿಗೆ ಬಂದ ಮೇಲೆ ಒಂದು ಸಂಜೆ, ನನ್ನಂತೆಯೇ ಗಂಡನನ್ನು ಕಳೆದುಕೊಂಡ ಪಕ್ಕದ ಮನೆಯ ನೀಲಮ್ಮ ಚಹಾ ಕುಡಿದು ಹೊರಟಳು. ನಾನು ಅಕ್ಕಿ ತಂದು, “ಉಡಿ ಒಡ್ಡು,” ಎಂದೆ. ಅವಳು ಮೊದಲು ಬೀದಿಯ ಕಡೆ ನೋಡಿದಳು. ಆಮೇಲೆ ಸೆರಗು ಒಡ್ಡಿದಳು.