ನೀರು ಹಾಕುವ ಮಾದಮ್ಮ ಕೊಟ್ಟ ಮಾತು

ಪುಷ್ಪಲತಾ ಹಿರೇಕೊಪ್ಪಲಿಗೆ ನರ್ಸಾಗಿ ಬಂದ ಹೊಸದರಲ್ಲಿ ಊರಿನ ಯಾರ ಮನೆಯಲ್ಲೂ ನೀರು ಕುಡಿಯುತ್ತಿರಲಿಲ್ಲ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಚನ್ನಬಸವಯ್ಯನವರ ಮಗಳು. ಹಳೇಬೀಡಿನಲ್ಲಿ ಬಾಡಿಗೆ ಕೋಣೆ ಹಿಡಿದು, ಅಲ್ಲಿಂದ ಬಾಟಲಿಯಲ್ಲಿ ನೀರು, ಡಬ್ಬಿಯಲ್ಲಿ ರೊಟ್ಟಿ ತರುತ್ತಿದ್ದಳು. ಮಗಳು ನರ್ಸ್ ಆಗುತ್ತೇನೆಂದಾಗ ಆ ಅಪ್ಪ ಮೂರು ದಿನ ಮಾತು ಬಿಟ್ಟಿದ್ದರಂತೆ. ಕಂಡವರ ಮನೆಯ ಹೇಸಿಗೆ ಬಾಚುವ ಕೆಲಸ ನಮ್ಮ ಮನೆತನಕ್ಕೆ ಯಾಕೆ ಅನ್ನುವುದು ಅವರ ವಾದ. ಆ ವಾದವನ್ನು ಮಗಳು ಕಿವಿಗೆ ಹಾಕಿಕೊಳ್ಳಲಿಲ್ಲ, ಆದರೆ ನೀರಿನ ಬಾಟಲಿಯನ್ನು ಮಾತ್ರ ಚೀಲದಿಂದ ಇಳಿಸಲಿಲ್ಲ. ಗೆಂಡೆಹಳ್ಳಿಯಿಂದ ನಾಲ್ಕು ಮೈಲಿ ಒಳಗಿರುವ ಊರಿಗೆ ಸರ್ಕಾರ ಕಳಿಸಿಕೊಟ್ಟ ನರ್ಸಮ್ಮ ಹೀಗೆ ಬಾಟಲಿ ಹಿಡಿದು ಓಡಾಡುವುದನ್ನು ಕಂಡು ಜನ ಒಳಗೊಳಗೇ ನಗುತ್ತಿದ್ದರು.

ಆ ಬಾಟಲಿ ಬಿಡಿಸಿದವಳು ಮಾದಮ್ಮ. ಊರಿನ ಬಾಣಂತಿಯರಿಗೂ ಅವರ ಕೂಸುಗಳಿಗೂ ನೀರು ಹಾಕುವ ಹೆಂಗಸು. ಲಕ್ಕಪ್ಪನ ಹೆಂಡತಿ ಸಾವಿತ್ರಮ್ಮನಿಗೆ ಒಂದು ದಿನ ನಡುಹಗಲಲ್ಲಿ ನೋವು ಕಾಣಿಸಿಕೊಂಡಿತು. ಬಸ್ಸು ಹೋಗಿಯಾಗಿತ್ತು, ಜೀಪು ಸಿಗಲಿಲ್ಲ, ಹೆರಿಗೆ ಮನೆಯಲ್ಲೇ ಆಗಿಹೋಯಿತು. ಹುಟ್ಟಿದ ಹೆಣ್ಣುಕೂಸು ಅಳಲಿಲ್ಲ. ಪುಷ್ಪಲತಾ ಅದರ ಬಾಯೊಳಗಿನ ಲೋಳೆ ತೆಗೆದು ಬೆನ್ನು ಉಜ್ಜಿದಳು, ಮಾದಮ್ಮ ಅಂಗಾಲಿಗೆ ಎರಡು ಬಿಟ್ಟಳು. ಕೂಸು ಕಿರ್ರೆಂದಿತು. ಅಲ್ಲೇ ಗೋಡೆಗೊರಗಿ ಕೂತ ನರ್ಸಮ್ಮನಿಗೆ ಮಾದಮ್ಮ ತನ್ನ ಮನೆಯಿಂದ ಬೆಲ್ಲದ ಕಾಫಿ ತಂದುಕೊಟ್ಟಳು. ಇವಳು ಕುಡಿದಳು. ಕುಡಿದಾದ ಮೇಲೆ ಅದು ಯಾರ ಮನೆಯ ಕಾಫಿಯೆಂದು ನೆನಪಾಯಿತು. ಇನ್ನೊಂದು ಲೋಟ ಕೇಳಿದಳು.

ಕೂಸು ಅತ್ತಿದ್ದು ಯಾರ ಕೈಗುಣದಿಂದ ಎನ್ನುವ ಜಗಳ ಆ ಇಬ್ಬರ ನಡುವೆ ಇಪ್ಪತ್ತೊಂದು ವರ್ಷ ನಡೆಯಿತು. ಆ ಕೂಸು ಶಿಲ್ಪಶ್ರೀ ಎಂಬ ಹೆಸರಿಟ್ಟುಕೊಂಡು, ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವಾಗಲೂ ಇಬ್ಬರೂ ದಾರಿಯಲ್ಲಿ ನಿಲ್ಲಿಸಿ ಕೇಳುವರು. ಚುರುಕು ಹುಡುಗಿ, ಮುಂದೆ ಯಾರಿದ್ದರೋ ಅವರ ಪಕ್ಷ ಹಿಡಿದು ಓಡಿಬಿಡುತ್ತಿದ್ದಳು.

ಸರ್ಕಾರದ ಯಾವ ಕಾಗದದಲ್ಲೂ ಮಾದಮ್ಮನ ಹೆಸರಿಲ್ಲ. ಆದರೆ ಪುಷ್ಪಲತಾಳ ಅರ್ಧ ಕೆಲಸ ನಡೆಯುತ್ತಿದ್ದುದು ಅವಳ ಕಣ್ಣಿನಿಂದ. ಮೂರು ಊರು, ಒಂದು ಸ್ಕೂಟರು, ಒಬ್ಬಳೇ ನರ್ಸು. ನರ್ಸು ಮನೆಗೆ ಹೋದರೆ ಬಾಣಂತಿ ಸೆರಗು ಸರಿಮಾಡಿಕೊಂಡು ಚೆನ್ನಾಗಿದ್ದೀನಿ ಅನ್ನುತ್ತಾಳೆ. ಬಚ್ಚಲಲ್ಲಿ ಬರಿಮೈಯಲ್ಲಿ ಕೂತವಳು ಮಾದಮ್ಮನಿಂದ ಏನನ್ನು ಮುಚ್ಚಿಡಲಾದೀತು? ನೀರು ಹಾಕಿ ಮುಗಿಸಿದ ಮಾದಮ್ಮ ಒದ್ದೆ ಸೀರೆಯಲ್ಲೇ ನರ್ಸಮ್ಮನ ಆರೋಗ್ಯ ಉಪಕೇಂದ್ರದ ಮೆಟ್ಟಿಲಿಗೆ ಬಂದು ಕೂತು, ವೀಳ್ಯದೆಲೆಗೆ ಸುಣ್ಣ ಸವರುತ್ತ ಮೂರೇ ಮಾತು ಒಪ್ಪಿಸುತ್ತಿದ್ದಳು. "ಹೊಟ್ಟೆ ಇಳಿದೈತೆ. ಮೈ ತಣ್ಣಗೈತೆ. ಬಟ್ಟೆ ಸರಿಯಾಗೈತೆ." ಬಟ್ಟೆಯೆಂದರೆ ಹೆರಿಗೆಯಾದ ಮೇಲಿನ ಸ್ರಾವ, ಅದರ ಬಣ್ಣ, ಅದರ ವಾಸನೆ. ಮೂರರಲ್ಲಿ ಒಂದು ಮಾತು ಕಡಿಮೆಯಾದರೂ ಪುಷ್ಪಲತಾ ಚೀಲ ಎತ್ತಿಕೊಂಡು ಎದ್ದುಬಿಡುತ್ತಿದ್ದಳು. ಹಾಗೆ ಎದ್ದುಹೋಗಿ ಉಳಿಸಿಕೊಂಡ ನಾಲ್ವರು ಹೆಂಗಸರು ಈಗಲೂ ಊರಲ್ಲಿ ಓಡಾಡಿಕೊಂಡಿದ್ದಾರೆ.

ಮಾದಮ್ಮನಿಗೆ ಒಂದು ಹಟವಿತ್ತು. ನೀರು ಹಾಕುವ ಮುಂಚೆ ಕೂಸಿನ ಮೂಗಿಗೆ ಎರಡೆರಡು ತೊಟ್ಟು ಹರಳೆಣ್ಣೆ ಬಿಡಲೇಬೇಕು. ಬೇಡವೆಂದು ಪುಷ್ಪಲತಾ ವರ್ಷಗಟ್ಟಲೆ ಬಾಯಿ ಬಡಿದುಕೊಂಡಳು. ಮಾದಮ್ಮ ಹೂಂ ಅನ್ನುವಳು, ಬಚ್ಚಲಿಗೆ ಹೋದೊಡನೆ ಮರೆಯುವಳು. ಅವಳ ಅತ್ತೆ ಕಲಿಸಿದ್ದು ಹಾಗೆ. ಎರಡು ವರ್ಷದ ಹಿಂದೆ ಮೇಲಿನ ಬೀದಿಯ ಹನ್ನೆರಡು ದಿನದ ಕೂಸಿಗೆ ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದು, ಉಸಿರು ಕಟ್ಟಿ, ಅದು ಹಾಸನ ಮುಟ್ಟುವ ಮೊದಲೇ ತೀರಿಕೊಂಡಿತು. ತಿಂಗಳ ಮೀಟಿಂಗಿನಲ್ಲಿ ಎಲ್ಲರ ಮುಂದೆ ಪುಷ್ಪಲತಾಳನ್ನು ನಿಲ್ಲಿಸಿ ಕೇಳಿದರು. ಆ ಅವಮಾನಕ್ಕಿಂತ ಹೆಚ್ಚಾಗಿ, ನೀಲಿಗಟ್ಟಿದ ಆ ಪುಟ್ಟ ಮುಖ ಅವಳನ್ನು ಸುಡುತ್ತಿತ್ತು. ನೇರವಾಗಿ ಮಾದಮ್ಮನ ಬಾಗಿಲಿಗೆ ಹೋಗಿ ಅಂಗೈ ಚಾಚಿದಳು. ಇನ್ನು ಎಣ್ಣೆ ಬಿಡುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದರೆ ಸಾಕಾಗಿತ್ತು. ಸಿಟ್ಟಿನಲ್ಲಿ ಅಷ್ಟಕ್ಕೆ ನಿಲ್ಲಲಿಲ್ಲ. ಯಾವ ಬಾಣಂತಿ ಮನೆಯ ಹೊಸಿಲನ್ನೂ ತುಳಿಯಬಾರದು, ಆ ಮಾತು ಬೇಕು ಅಂದಳು.

ಮಾದಮ್ಮ ಅಳುತ್ತ ಅವಳ ಅಂಗೈ ಮೇಲೆ ಅಂಗೈ ಇಟ್ಟಳು. ಎಪ್ಪತ್ತು ದಾಟಿದ ಕೈ, ನೀರಲ್ಲಿ ನೆನೆದು ನೆನೆದು ಬಿಳಿಚಿಕೊಂಡ ಬೆರಳುಗಳು. ಅಂದಿನಿಂದ ಅವಳು ಎರಡು ಮೇಕೆ ಕಟ್ಟಿಕೊಂಡು ಅವನ್ನು ಮೇಯಿಸುತ್ತ ದಿನ ಕಳೆಯತೊಡಗಿದಳು. ಉಪಕೇಂದ್ರದ ಮೆಟ್ಟಿಲು ಖಾಲಿಯಾಯಿತು. ಅದೇ ಹೊತ್ತಿಗೆ ಮೊಬೈಲಿನಲ್ಲಿ ತುಂಬುವ ಫಾರಂ ಬಂತು. ಜ್ವರ ಇದೆಯೇ, ಹೌದು, ಇಲ್ಲ. ವಾಸನೆ ಇದೆಯೇ, ಹೌದು, ಇಲ್ಲ. ಊರಿನ ಆಶಾ ಕಾರ್ಯಕರ್ತೆ ಹಾಸನದ ಗಾರ್ಮೆಂಟ್ಸಿಗೆ ಸೇರಿದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ, ಅವಳ ಪಾಲಿನ ಫಾರಂ ಕೂಡ ಪುಷ್ಪಲತಾಳ ತಲೆಗೇ ಬಿತ್ತು. ಬೆರಳು ಒತ್ತಿದ್ದೆಲ್ಲ ಮೇಲಿನವರಿಗೆ ಕೂಡಲೇ ತಲುಪುತ್ತಿತ್ತು, ಅವರಿಗೂ ಅಷ್ಟೇ ಬೇಕಾಗಿತ್ತು.

ಈ ವರ್ಷ ಶಿಲ್ಪಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಜಾವಗಲ್ ಕಡೆ ಕೊಟ್ಟಿತ್ತು. ಗಂಡ ಹೇಮಂತ್ ಒಳ್ಳೆಯವನು, ಬಾಯಿ ಕಡಿಮೆ. ಪುಷ್ಪಲತಾಳಿಗೆ ಮಕ್ಕಳಿಲ್ಲ. ಊರು ತುಂಬ ನಿಮ್ಮವೇ ಮಕ್ಕಳಲ್ಲವಾ ಎಂದು ಯಾರಾದರೂ ಅಂದರೆ ನಕ್ಕುಬಿಡುತ್ತಿದ್ದಳು, ಆದರೆ ಅವಳ ಮನಸ್ಸಿಗೆ ಮಗಳು ಅಂತ ಬರುತ್ತಿದ್ದುದು ಇವಳೊಬ್ಬಳೇ. ವಾರ ತಪ್ಪದೆ ಬಿ.ಪಿ. ನೋಡಿದಳು, ಕಬ್ಬಿಣದ ಮಾತ್ರೆಯನ್ನು ಎದುರಿಗೇ ನುಂಗಿಸಿದಳು, ಬೈದಳು, ಮುದ್ದು ಮಾಡಿದಳು. ಹೆರಿಗೆ ಪೇಟೆಯ ಆಸ್ಪತ್ರೆಯಲ್ಲಿ ಸುಸೂತ್ರವಾಯಿತು. ಹೆಣ್ಣುಮಗು. ನಾಲ್ಕನೆಯ ದಿನ ತಾಯಿ ಮಗು ಮನೆಗೆ ಬಂದರು. ನೀರು ಹಾಕಲು ಮಾದಮ್ಮನನ್ನು ಕರೆಯಬಹುದೇ ಎಂದು ಸಾವಿತ್ರಮ್ಮ ಫೋನಿನಲ್ಲಿ ಕೇಳಿದಳು. ಹನ್ನೆರಡು ದಿನದ ಆ ಇನ್ನೊಂದು ಕೂಸು ಪುಷ್ಪಲತಾಳ ಕಣ್ಣಿಗೆ ಕಟ್ಟಿತು. ಬೇಡ, ನೀವೇ ಹಾಕಿ, ಅಂದಳು.

ಏಳನೆಯ ದಿನ ಅವಳು ನೋಡಲು ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಹನ್ನೊಂದಕ್ಕೆ ಗೆಂಡೆಹಳ್ಳಿಯಲ್ಲಿ ಲಸಿಕೆ ಕ್ಯಾಂಪಿತ್ತು. ನಡುಮನೆಯಲ್ಲಿ ಮಗು ನೋಡಲು ಬಂದ ಗಂಡನ ಕಡೆಯವರು ಚಾಪೆ ತುಂಬ ಕೂತಿದ್ದರು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿತ್ತು, ಮೂಲೆಯಲ್ಲಿ ಕೆಂಡ, ಶಿಲ್ಪಶ್ರೀಯ ಮೈಮೇಲೆ ಸ್ವೆಟರು, ಕಿವಿಗೆ ಬಿಗಿದ ಬಟ್ಟೆ. ಮಗುವಿನ ತೂಕ ಏರಿತ್ತು. ತಾಯಿಯ ಹಣೆ ಮುಟ್ಟಿದರೆ ಬಿಸಿ, ಆದರೆ ಆ ಕೋಣೆಯಲ್ಲಿ ಯಾರ ಹಣೆ ಬಿಸಿ ಇರುವುದಿಲ್ಲ? ಥರ್ಮಾಮೀಟರಿನಲ್ಲಿ ತೊಂಬತ್ತೊಂಬತ್ತು ತೋರಿತು. ಒಂದು ಗಂಟೆ ಮುಂಚೆ ಸಾವಿತ್ರಮ್ಮ ಜ್ವರದ ಮಾತ್ರೆ ಕೊಟ್ಟಿದ್ದಳು. ನರ್ಸಮ್ಮ ಕೇಳಲಿಲ್ಲ, ಅವಳು ಹೇಳಲಿಲ್ಲ.

"ಬಟ್ಟೆ ಏನಾದ್ರೂ ವಾಸನೆ ಬರ್ತಿದ್ಯೇನೇ?" ಎಂದು ಪುಷ್ಪಲತಾ ದನಿ ತಗ್ಗಿಸಿ ಕೇಳಿದಳು.

ಶಿಲ್ಪಶ್ರೀ ಬಾಗಿಲ ಕಡೆ ನೋಡಿದಳು. ಆಚೆ ಅವಳ ಮಾವ ಕೆಮ್ಮಿದರು.

"ಏನಿಲ್ಲ ನರ್ಸಾಂಟಿ. ಚೆನ್ನಾಗಿದ್ದೀನಿ."

ಹುಡುಗಿ ಬಾಗಿಲ ಕಡೆ ನೋಡಿದ್ದನ್ನು ಪುಷ್ಪಲತಾ ನೋಡಿದ್ದಳು. ಕದ ಮುಂದೆ ಮಾಡಿ, ಸೀರೆ ಸರಿಸಿ, ಹೊಟ್ಟೆ ಒತ್ತಿ ನೋಡಲು ಹತ್ತು ನಿಮಿಷ ಸಾಕಿತ್ತು. ಅಷ್ಟರಲ್ಲಿ ಕ್ಯಾಂಪಿನಿಂದ ಎರಡು ಸಲ ಫೋನ್ ಬಂದಿತ್ತು. ಮೊಬೈಲಿನ ಫಾರಂನಲ್ಲಿ 'ಇಲ್ಲ' ಎಂದಿದ್ದ ಕಡೆ ಒತ್ತಿ, ನಾಳೆ ಪುರುಸೊತ್ತು ಮಾಡಿಕೊಂಡು ಬರುತ್ತೇನೆ ಎಂದು ಮಗುವಿನ ಕೆನ್ನೆ ಮುಟ್ಟಿ ಎದ್ದಳು. ನಾಳೆಯೂ ಕ್ಯಾಂಪಿತ್ತು, ಹೋಗಲಾಗಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಸಾವಿತ್ರಮ್ಮನ ಫೋನು. ಮಗಳು ಏನೇನೋ ಬಡಬಡಿಸುತ್ತಿದ್ದಾಳೆ, ಕೈಕಾಲು ತಣ್ಣಗಾಗಿದೆ. ಪುಷ್ಪಲತಾ ಆಂಬುಲೆನ್ಸ್ ಕರೆಸಿ ತಾನೂ ಹತ್ತಿದಳು. ಬಾಗಿಲು ಹಾಕಿಕೊಂಡು ಹೊದಿಕೆ ಎತ್ತಿದಾಗ ವಾಸನೆ ಮುಖಕ್ಕೆ ಬಡಿಯಿತು. ಗರ್ಭಕೋಶದಲ್ಲಿ ಎದ್ದ ನಂಜು ರಕ್ತಕ್ಕೆ ಇಳಿದಿದೆ ಎಂದು ಅವಳಿಗೆ ಇನ್ನು ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಬೇಲೂರು ದಾಟಿದ ಮೇಲೆ ಶಿಲ್ಪಶ್ರೀಗೆ ಸ್ವಲ್ಪ ಎಚ್ಚರ ಬಂತು. ತಲೆ ಪುಷ್ಪಲತಾಳ ತೊಡೆಯ ಮೇಲಿತ್ತು.

"ಮಾವ ಇದ್ರು ಆಂಟಿ. ಅದಕ್ಕೇ ಹೇಳ್ಲಿಲ್ಲ," ಅಂದಳು, ಏನೋ ತಪ್ಪು ಮಾಡಿದವಳ ಹಾಗೆ.

ಮಧ್ಯಾಹ್ನ ಮೂರಕ್ಕೆ ಹಾಸನದಲ್ಲಿ ಪ್ರಾಣ ಹೋಯಿತು. ಎರಡು ದಿನ ಮೊದಲು ಬಂದಿದ್ದರೆ ಇಂಜೆಕ್ಷನ್ನಿನಲ್ಲೇ ಹೋಗುತ್ತಿತ್ತು ಎಂದು ಯಾರೋ ಅಂದರು. ಹೇಮಂತ್ ಗೋಡೆಯ ಕಡೆ ತಿರುಗಿ ನಿಂತಿದ್ದ. ಎರಡು ದಿನ ಎಂಬ ಆ ಮಾತನ್ನು ಪುಷ್ಪಲತಾ ಮನೆಗೆ ಹೊತ್ತುಕೊಂಡು ಬಂದಳು. ರಜೆ ಹಾಕಿದಳು. ಬೆಂದ ಅನ್ನ ಪಾತ್ರೆಯಲ್ಲೇ ಉಳಿಯಿತು. ಏಳನೆಯ ದಿನದ ಆ ಹತ್ತು ನಿಮಿಷವನ್ನು ಮತ್ತೆ ಮತ್ತೆ ಬದುಕಿದಳು. ಪ್ರತಿ ಸಲವೂ ಎದ್ದು ಕದ ಮುಂದೆ ಮಾಡಿದಳು, ಪ್ರತಿ ಸಲವೂ ಹುಡುಗಿ ಉಳಿದಳು.

ಐದು ದಿನ ಕಳೆದ ಮೇಲೆ ಸಾವಿತ್ರಮ್ಮ ಹೇಳಿ ಕಳಿಸಿದಳು. ಅಂದಿನಿಂದ ಕೂಸಿನ ಮೈಮೇಲೆ ನೀರು ಬಿದ್ದಿಲ್ಲ, ತನ್ನ ಕೈ ಏಳುತ್ತಿಲ್ಲ, ನರ್ಸಮ್ಮನೇ ಏನಾದರೂ ಮಾಡಬೇಕು. ಪುಷ್ಪಲತಾ ತಾನೇ ಹಾಕಬಹುದಿತ್ತು. ಆದರೆ ಅವಳ ಕಾಲು ಮಾದಮ್ಮನ ಮನೆಯ ಕಡೆ ತಿರುಗಿತು.

ಮಾದಮ್ಮ ಅಂಗಳದಲ್ಲಿ ಕೂತು ಮೇಕೆಗೆ ಹಲಸಿನ ಸೊಪ್ಪು ಮುರಿದು ಹಾಕುತ್ತಿದ್ದಳು. ಪುಷ್ಪಲತಾ ಅವಳ ಮುಂದೆ ನೆಲದ ಮೇಲೇ ಕೂತು ಅಂಗೈ ಚಾಚಿದಳು.

"ನಿನ್ನ ಮಾತು ವಾಪಸ್ ಕೊಡೋಕೆ ಬಂದೆ ಮಾದಮ್ಮ."

ಮಾದಮ್ಮ ಆ ಕೈಯನ್ನು ನೋಡಿದಳು, ಮುಟ್ಟಲಿಲ್ಲ. ಸೊಪ್ಪು ಮುರಿಯುತ್ತಲೇ ಹೇಳಿದಳು.

"ಆರನೇ ದಿನ ಮೇಕೆ ಹೊಡ್ಕಂಡು ಅವರ ಹಿತ್ಲಾಗೆ ಬತ್ತಿದ್ದೆ ಕಣಮ್ಮ. ಬೇಲಿ ಮ್ಯಾಲೆ ಬಾಣಂತಿ ಬಟ್ಟೆ ಹಾಕಿದ್ರು. ವಾಸ್ನೆ ಬಂತು. ನಂಗೆ ಗೊತ್ತಾಗೋಯ್ತು."

ಪುಷ್ಪಲತಾಳ ಕೈ ಮಡಿಲಿಗೆ ಬಿತ್ತು.

"ಒಳೀಕೆ ಹೋಗನ ಅಂತ ಹೊಸ್ಲು ಗಂಟ ಹೋದೆ. ನಿಮ್ ಕೈಮ್ಯಾಲೆ ಕೈ ಇಟ್ಟಿದ್ನಲ್ಲ, ತುಳೀಲಿಲ್ಲ. ಸಾವಿತ್ರಮ್ಮ ಕಾಣ್ಲಿಲ್ಲ, ಗಂಡಸ್ರತ್ರ ಹೇಳೋ ಮಾತಲ್ಲ ಅದು. ನಿಮ್ಗೆ ಹೇಳನ ಅಂತ ಬಂದೆ, ಬೀಗ ಹಾಕಿತ್ತು. ಹೊತ್ತು ಇಳಿಯೋ ಗಂಟ ನಿಮ್ ಮೆಟ್ಲು ಮ್ಯಾಲೆ ಕೂತಿದ್ದೆ." ಮಾದಮ್ಮ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟಳು. "ಮಾರ್ನೆ ದಿನ ನಿಮ್ ಗಾಡಿ ಅವರ ಮನೆ ಮುಂದೆ ನಿಂತಿದ್ದು ಕಂಡೆ. ನರ್ಸಮ್ಮ ಹೋಗವ್ರೆ, ಅವ್ರಿಗೆ ತಿಳೀದೆ ಇರ್ತದಾ ಅಂದ್ಕಂಡು ಅವತ್ತು ನೆಮ್ಮದಿಯಾಗಿ ಮನಗಿದೆ."

ಅವಳು ಬೈದಿದ್ದರೆ ಪುಷ್ಪಲತಾ ಬದುಕಿಕೊಳ್ಳುತ್ತಿದ್ದಳು. ಮಣ್ಣು ತೂರಿ ಶಾಪ ಹಾಕಿದ್ದರೂ ತಡೆದುಕೊಳ್ಳುತ್ತಿದ್ದಳು. ಮಾದಮ್ಮನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ತನ್ನನ್ನು ಆ ಮುದುಕಿ ಅಷ್ಟು ನಂಬಿದ್ದಳು, ನಂಬಿ ಮಲಗಿದ್ದಳು. ಪುಷ್ಪಲತಾ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಮಾದಮ್ಮ ಅವಳನ್ನು ಅಳಲು ಬಿಟ್ಟು, ಮೇಕೆಯನ್ನು ಗೂಟಕ್ಕೆ ಕಟ್ಟಿ, ಮೊಣಕಾಲ ಮೇಲೆ ಕೈಯೂರಿ ಎದ್ದಳು.

"ಎಣ್ಣೆ ಬುಡಲ್ಲ," ಅಂದಳು. "ನಡೀರಿ."

ಲಕ್ಕಪ್ಪನ ಮನೆಯ ಹಿತ್ತಲ ಬಾಗಿಲಲ್ಲಿ ಮಾದಮ್ಮ ನಿಂತುಬಿಟ್ಟಳು. ಪುಷ್ಪಲತಾ ಕೈ ಹಿಡಿದು ಹೊಸಿಲು ದಾಟಿಸಿದಳು. ಹಂಡೆಯಲ್ಲಿ ನೀರು ಕಾದಿತ್ತು. ಮಾದಮ್ಮ ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿ, ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿದಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕತ್ತಿನ ಮಡಿಕೆ, ಕಂಕುಳು, ಬೆರಳ ಸಂದು ಒಂದೊಂದನ್ನೂ ಬಿಡಿಸಿ ತೊಳೆದಳು. ಪುಷ್ಪಲತಾ ಪಕ್ಕದಲ್ಲಿ ಕೂತು ಚೊಂಬಿನಿಂದ ನೀರು ಬಿಡುತ್ತಿದ್ದಳು. ಇಪ್ಪತ್ತಮೂರು ವರ್ಷದ ಹಿಂದೆ ಇದೇ ಬಚ್ಚಲಲ್ಲಿ, ಇದೇ ಕಾಲುಗಳ ಮೇಲೆ ಇದರ ತಾಯಿ ಮಲಗಿದ್ದಳು. ಇಬ್ಬರಿಗೂ ಅದು ನೆನಪಿತ್ತು. ಬಿಸಿನೀರು ಬೆನ್ನಿಗೆ ಬಿದ್ದಾಗ ಕೂಸು ಅಳು ನಿಲ್ಲಿಸಿ ಮೈ ಸಡಿಲ ಬಿಟ್ಟಿತು.

ಮೈ ಒರೆಸಿ, ಹಳೇ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿ, ಮಾದಮ್ಮ ಕೂಸನ್ನು ಎತ್ತಿಕೊಂಡು ಎದ್ದಳು. ನಲವತ್ತು ವರ್ಷ ಮಾಡಿದ ಕೆಲಸ. ನೀರಾದ ಕೂಸನ್ನು ನೇರ ತಾಯಿಯ ಕೈಗೆ ಕೊಡುವುದು ಅವಳ ಕ್ರಮ. ಒದ್ದೆ ಕಾಲಿನಲ್ಲೇ ಬಾಣಂತಿ ಕೋಣೆಯ ಬಾಗಿಲಿಗೆ ಹೋಗಿ ಎರಡೂ ಕೈ ಚಾಚಿದಳು.

"ತಕ್ಕೊ ಮಗಾ, ಹಾಲು ಕೊಡು," ಅಂದಳು.

ಕೋಣೆಯ ಕಿಟಕಿ ತೆರೆದಿತ್ತು. ಮಂಚದ ಮೇಲಿನ ಹಾಸಿಗೆ ತೆಗೆದುಹಾಕಿದ್ದರು. ಮಾದಮ್ಮನ ಕೈ ಚಾಚಿದ ಹಾಗೆಯೇ ಇತ್ತು, ಹಿಂದಕ್ಕೆ ತೆಗೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಪುಷ್ಪಲತಾ ಹೋಗಿ ಕೂಸನ್ನು ತೆಗೆದುಕೊಂಡಳು. ನೀರು ಹಾಕಿದ ಕೂಡಲೇ ಮಗುವಿಗೆ ಹಸಿವಾಗುತ್ತದೆ, ತಡ ಮಾಡಬೇಡಿ ಎಂದು ಎಷ್ಟು ತಾಯಂದಿರಿಗೆ ಹೇಳಿದ್ದಳೋ. ಕೂಸು ಅವಳ ಎದೆಯ ಕಡೆ ಮುಖ ತಿರುಗಿಸಿ, ಬಾಯಿ ತೆರೆದು ಹುಡುಕತೊಡಗಿತು.