ಎರಡು ಕಂಬಿಗಾಗಿ ನಡೆದದ್ದು

ನಾಲ್ಕು ವರ್ಷ ತುಂಬಿದರೂ ನನ್ನ ಮಗ ಇನ್ನೂ ನಿಂತಿರಲಿಲ್ಲ. ಹುಟ್ಟುವಾಗ ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾಗಿದೆ, ದೋಷ ಕಾಲಿನದಲ್ಲ, ಕಾಲನ್ನು ಆಡಿಸುವ ನರಗಳದು ಎಂದು ಡಾಕ್ಟರು ಹೇಳಿದ್ದರು. ಎತ್ತಿ ನಿಲ್ಲಿಸಿದರೆ ಅವನ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತಿದ್ದವು. ಅದು ಎಪ್ಪತ್ತರ ದಶಕದ ನಡುಭಾಗ. ನಾನು ಮಳವಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರು. ಪ್ರತಿ ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ಅವನನ್ನು ಸೊಂಟಕ್ಕೇರಿಸಿಕೊಂಡು ಮಂಡ್ಯದ ಬಸ್ಸು ಹತ್ತುತ್ತಿದ್ದೆ.

ಅತ್ತೆಗೆ ಇದು ಹಿಡಿಸುತ್ತಿರಲಿಲ್ಲ. ಮೊಮ್ಮಗನೆಂದರೆ ಅವರಿಗೆ ಪ್ರಾಣ. ಅವನಿಗೆ ತಿನ್ನಿಸದೆ ತಾವು ಊಟಕ್ಕೆ ಕೂತವರಲ್ಲ. ಆದರೆ ನೆಂಟರು ಬಂದರೆ ಸಾಕು, ಅವನನ್ನು ಒಳಕೋಣೆಗೆ ಎತ್ತಿಕೊಂಡು ಹೋಗಿ ಬಾಗಿಲು ಮುಂದೆ ಮಾಡುತ್ತಿದ್ದರು.

"ಕಂಡೋರ ಬಾಯ್ಗೆ ಯಾಕವ್ವ ಮಗೀನ ಆಕ್ತೀಯ?" ಎನ್ನುತ್ತಿದ್ದರು.

ಮಂಡ್ಯದಲ್ಲಿ ನಾವು ಹೋಗುತ್ತಿದ್ದದ್ದು ಒಂದು ಬಾಡಿಗೆ ಕೋಣೆಗೆ. ನನಗಿಂತ ಚಿಕ್ಕವರಾದ ಒಬ್ಬ ಡಾಕ್ಟರಮ್ಮ ಅಲ್ಲಿ ಇಂಥ ಮಕ್ಕಳ ಕೈಕಾಲು ಆಡಿಸಿ ವ್ಯಾಯಾಮ ಮಾಡಿಸುತ್ತಿದ್ದರು. ಅವರ ಹತ್ತಿರ ಇದ್ದದ್ದು ಒಂದು ಚಾಪೆ, ಒಂದು ದೊಡ್ಡ ಚೆಂಡು, ಕುರ್ಚಿಗಳಿಗೆ ಕಟ್ಟಿದ ಎರಡು ಬಿದಿರು. ಆ ಬಿದಿರುಗಳ ನಡುವೆ ಮಕ್ಕಳನ್ನು ನಿಲ್ಲಿಸುತ್ತಿದ್ದರು. ಒಂದು ಶನಿವಾರ ಬಿದಿರು ಉರುಳಿ, ಕೆರಗೋಡಿನ ಒಂದು ಹುಡುಗಿ ಬಿದ್ದು ಗಲ್ಲ ಒಡೆದುಕೊಂಡಳು. ಅವಳ ತಾಯಿ ಗದ್ದೆ ಕೆಲಸದ ಹೆಂಗಸು. ಸೆರಗಿನಿಂದ ರಕ್ತ ಒರೆಸಿ, "ಇನ್ನೊಂದ್ಸಲ ನಿಲ್ಸಿ ಡಾಕ್ಟ್ರಮ್ಮ" ಎಂದಳು.

ಡಾಕ್ಟರಮ್ಮ ನಿಲ್ಲಿಸಲಿಲ್ಲ. ನೆಲಕ್ಕೆ ಹೂಳಿದ ಕಬ್ಬಿಣದ ಕಂಬಿ ಬೇಕು, ಮಕ್ಕಳನ್ನು ಕಟ್ಟಿ ನಿಲ್ಲಿಸುವ ಹಲಗೆ ಬೇಕು, ಕಾಲು ಮಡಚದ ಹಾಗೆ ಕಟ್ಟುವ ಕ್ಯಾಲಿಪರ್ ಬೇಕು, ಅವಿಲ್ಲದೆ ಇನ್ನು ಇವರನ್ನು ನಿಲ್ಲಿಸುವುದಿಲ್ಲ ಎಂದುಬಿಟ್ಟರು. ಅದಕ್ಕೆ ಬೇಕಾದ ಹಣ ಅವರಲ್ಲಿರಲಿಲ್ಲ, ನಮ್ಮಲ್ಲೂ ಇರಲಿಲ್ಲ.

ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ನೆನಪಾದದ್ದು ಹಿಂದಿನ ವರ್ಷ ನಮ್ಮೂರ ಮೈದಾನದಲ್ಲಿ ನೆಲಕ್ಕೆ ಕಾಲೂರದೆ ದಿನಗಟ್ಟಲೆ ಸೈಕಲ್ ತುಳಿದ ಒಬ್ಬ ಮನುಷ್ಯ. ಸುಮ್ಮನೆ ಕೈಯೊಡ್ಡಿದ್ದರೆ ಕೊಡದಿದ್ದ ಜನ ಅವನ ಅಂಗಿಗೆ ನೋಟು ಸಿಕ್ಕಿಸಿದ್ದರು. ನನಗೆ ಸೈಕಲ್ ಬಾರದು. ನಡೆಯಬಲ್ಲೆ ಎಂದುಕೊಂಡೆ. ಮಳವಳ್ಳಿಯಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ. ಎರಡು ದಿನ, ಯಾವ ಗಾಡಿಯನ್ನೂ ಹತ್ತದೆ. ನಮ್ಮ ಹೆಡ್‌ಮಾಸ್ಟರು ದಾರಿಯ ಶಾಲೆಗಳಿಗೆಲ್ಲ ಕಾಗದ ಬರೆದರು. ನನ್ನ ಗಂಡ ಡಬ್ಬ ಹಿಡಿದು ಸೈಕಲ್ಲಿನಲ್ಲಿ ಜೊತೆಗೆ ಬರುವುದೆಂದಾಯಿತು.

ಅತ್ತೆ ಕೇಳಿ ಸಿಡುಕಿದರು. "ಊರ್ತುಂಬಾ ಸಾರ್ಕೊಂಡ್ ಬತ್ತೀಯ, ನಮ್ಮನೇಲಿ ಇಂಥ ಮಗ ಅವ್ನೆ ಅಂತ?"

"ಹೂಂ ಅತ್ತೆ, ಸಾರ್ಕೊಂಡೇ ಬತ್ತೀನಿ" ಎಂದೆ. ಆಮೇಲೆ ಅವರು ನನ್ನ ಜೊತೆ ಮಾತು ಬಿಟ್ಟರು.

ಸಂಕ್ರಾಂತಿ ಕಳೆದ ಮೇಲೆ ಹೊರಟೆವು. ಹಿಂದಿನ ಸಂಜೆ ಕೆರಗೋಡಿನ ಆ ಹೆಂಗಸು ಕರೆಯದೆಯೇ ಬಂದಿಳಿದಳು. "ನೀವೊಬ್ರೆ ಓದ್ರೆ ದಾರೀಲೆ ಕುಂತ್ಬುಡ್ತೀರ ಟೀಚ್ರಮ್ಮ" ಎಂದಳು. ಅವಳದು ಬರಿಗಾಲು. ನಾನು ಇದಕ್ಕೆಂದೇ ಹೊಸ ಚಪ್ಪಲಿ ಕೊಂಡಿದ್ದೆ. ನಾಲ್ಕು ಮೈಲಿ ಕಳೆಯುವುದರೊಳಗೆ ಹಿಮ್ಮಡಿ ಸುಲಿದವು. ಕಬ್ಬಿನ ಗಾಡಿಗಳು ಸಾಲಾಗಿ ಎದುರಾಗುತ್ತಿದ್ದವು. ನಮ್ಮನ್ನು ಹಿಂದಿನಿಂದ ಬಂದು ಸೇರಿದ ಒಂದು ಖಾಲಿ ಗಾಡಿಯವನು, "ಅತ್ಕಳಿ ಕಣಮ್ಮ, ನಮ್ಮೂರ್ ತಿರುವ್‌ಗಂಟ ಬುಡ್ತೀನಿ" ಎಂದ. ಹತ್ತುವ ಹಾಗಿಲ್ಲ, ಕಾರಣ ಹೀಗೆ ಎಂದೆವು. ಅವನು ಕೆಳಗಿಳಿದು, ಎತ್ತಿನ ಹಗ್ಗ ಹಿಡಿದುಕೊಂಡು ತನ್ನ ಊರಿನ ತಿರುವಿನವರೆಗೂ ನಮ್ಮ ಜೊತೆ ನಡೆದ. ಶಾಲೆಗಳ ಮುಂದೆ ಮಕ್ಕಳು ನಿಂತಿದ್ದರು. ಡಬ್ಬ ತುಂಬುತ್ತಿತ್ತು, ನನ್ನ ಗಮನವೆಲ್ಲ ಕಾಲಿನ ಮೇಲಿತ್ತು.

ಮದ್ದೂರಿನಲ್ಲಿ ಗೆಳತಿಯ ಮನೆಯಲ್ಲಿ ತಂಗಿದೆವು. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಜೀವ ಹೋದಂತಾಯಿತು. "ನನ್ನ ಕೈಲಾಗೋದಿಲ್ಲ, ನಾನು ಬಸ್ಸಿಗೆ ಹೋಗ್ತೀನಿ" ಎಂದು ಅತ್ತುಬಿಟ್ಟೆ. ಕೆರಗೋಡಿನವಳು ಹರಳೆಣ್ಣೆ ಕಾಸಿ ಹಚ್ಚಿ, ಹಳೆ ಸೀರೆ ಹರಿದು ಪಾದಕ್ಕೆ ಸುತ್ತಿದಳು. "ಆ ಬಾಗ್ಲ್‌ಗಂಟ ನಡೀರಿ. ಆಮೇಕೆ ಯೋಳಿ" ಎಂದಳು. ಬಾಗಿಲವರೆಗೆ ನಡೆದೆ. ಅಲ್ಲಿಂದ ಬೀದಿಯ ಕೊನೆ ತೋರಿಸಿದಳು.

ಬಸ್ ನಿಲ್ದಾಣದ ಹತ್ತಿರ ಜನ ಸೇರಿದ್ದರು. ಆಗಲೇ ಮಳವಳ್ಳಿಯ ಬಸ್ಸು ಬಂತು. ಅದರಿಂದ ಇಳಿದದ್ದು ನನ್ನ ಅತ್ತೆ, ಸೊಂಟದ ಮೇಲೆ ನನ್ನ ಮಗ. ದೀಪಾವಳಿಯ ಹೊಸ ಅಂಗಿ ಹಾಕಿ, ತಲೆ ಬಾಚಿ, ಹಣೆಗೆ ಬೊಟ್ಟಿಟ್ಟು ತಂದಿದ್ದರು. ಜನರ ನಡುವೆಯೇ ಬಂದು ನಿಂತು, "ನೋಡ್ಬೇಕಾದೋರು ನೋಡ್ಕಳಿ. ಇವ್ನು ನನ್ ಮೊಮ್ಮಗ" ಎಂದರು. ನನ್ನ ಕಡೆ ತಿರುಗಿ, "ನೆನ್ನೆಯೆಲ್ಲಾ ನೀನು ನಡೀತಿದ್ರೆ ನಂಗೆ ಅನ್ನ ಇಳೀನಿಲ್ಲ ಕಣವ್ವ" ಎಂದರು.

ಗುಂಪಿನಲ್ಲಿ ಸೋಮನಹಳ್ಳಿಯಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟಿದ್ದವರೊಬ್ಬರಿದ್ದರು, ಗೇಟು ಕಿಟಕಿ ಮಾಡುವವರು. ಹತ್ತಿರ ಬಂದು ಕೇಳಿದರು: "ಕಂಬಿ ಏಟೆತ್ರ ಇರ್ಬೇಕು?"

ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಜೇಬಿನಿಂದ ದಾರ ತೆಗೆದು, ನನ್ನ ಮಗನನ್ನು ಎತ್ತಿ ಹಿಡಿಯಲು ಹೇಳಿ, ಪಾದದಿಂದ ಸೊಂಟದವರೆಗೆ ಅಳೆದು ಗಂಟು ಹಾಕಿಕೊಂಡರು. "ಬೆಳೀತಾನಲ್ಲ, ಏರ್ಸಿ ಇಳ್ಸೋ ಅಂಗೆ ಮಾಡ್ಕೊಡ್ತೀನಿ. ಕಬ್ಣ ನಂದೇ" ಎಂದರು.

ಮಂಡ್ಯ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಡಾಕ್ಟರಮ್ಮ ನನ್ನ ಕಾಲಿನ ಬಟ್ಟೆ ಬಿಚ್ಚುತ್ತ ಕೂತರು.

ಯುಗಾದಿಯ ಹೊತ್ತಿಗೆ ಕಂಬಿ ಬಂತು. ಡಬ್ಬದ ಹಣದಲ್ಲಿ ನಿಲ್ಲಿಸುವ ಹಲಗೆಯೂ ಕೆಲವು ಮಕ್ಕಳಿಗೆ ಕ್ಯಾಲಿಪರ್ರೂ ಆದವು. ಎಲ್ಲರಿಗೂ ಆಗಲಿಲ್ಲ, ಒಂದು ಮಗುವಿನ ಮನೆಯವರಂತೂ ನಾವು ಎಷ್ಟು ಹೇಳಿದರೂ ಮತ್ತೆ ಬರಲೇ ಇಲ್ಲ. ಕೆರಗೋಡಿನ ಹುಡುಗಿ ಮಳೆಗಾಲದೊಳಗೆ ನಡೆದಳು. ನನ್ನ ಮಗನಿಗೆ ಎರಡು ವರ್ಷ ಹಿಡಿಯಿತು. ಮೊದಲ ಸಲ ಕಂಬಿಯ ಈ ತುದಿಯಿಂದ ಆ ತುದಿಗೆ ಹೋದ ದಿನ ಅವನು ನನ್ನನ್ನೂ ನೋಡಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ; ತನ್ನ ಪಾದಗಳನ್ನೇ ನೋಡುತ್ತಿದ್ದ.

ನಾವು ನಡೆದ ಮರುವರ್ಷ, ಉಳಿದ ಮಕ್ಕಳ ಕ್ಯಾಲಿಪರ್‌ಗಾಗಿ, ಮದ್ದೂರಿನ ಕೆಲವು ಕಾಲೇಜು ಹುಡುಗಿಯರು ಅದೇ ದಾರಿಯಲ್ಲಿ ನಡೆದರು. ನಾನಾಗ ಏಳು ತಿಂಗಳ ಬಸುರಿ. ಮಜ್ಜಿಗೆ ಕೊಡ ಇಟ್ಟುಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದೆ. ಒಬ್ಬಳು ಲೋಟ ಹಿಂದಿರುಗಿಸುತ್ತ, "ಇನ್ನೂ ಎಷ್ಟು ದೂರ ಅಕ್ಕ?" ಎಂದು ಕೇಳಿದಳು. ದೂರವೇ ಇತ್ತು. ಅವಳಿಗೆ ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿದೆ.